ಟೈಟಾನಿಯಂ ಶೋಧ: ಅಂದಾಜು ಆಸ್ತಿಯಲ್ಲ

ಭೂಮಿಯ ಹೊರಪದರದಲ್ಲಿರುವ ಮೂಲವಸ್ತುಗಳನ್ನು ಪ್ರಮಾಣದ ಆಧಾರದ ಮೇಲೆ ಸಾಲಾಗಿ ನಿಲ್ಲಿಸಿದರೆ ಟೈಟಾನಿಯಂ ಒಂಬತ್ತನೆಯ ಸ್ಥಾನದಲ್ಲಿ ನಿಲ್ಲುತ್ತದೆ. ತಾಮ್ರ, ಸತು, ಸೀಸ, ನಿಕ್ಕಲ್‌ಗಳನ್ನೆಲ್ಲ ಒಟ್ಟುಗೂಡಿಸಿದರೂ ಅದರ ಹತ್ತಿರಕ್ಕೆ ಬರಲಾರವು. ಇಷ್ಟು ಧಾರಾಳವಾಗಿರುವ ವಸ್ತುವನ್ನು ಕೇಂದ್ರ ಗಣಿ ಸಚಿವಾಲಯ 2023ರ ಜೂನ್‌ನಲ್ಲಿ 30 ‘ನಿರ್ಣಾಯಕ ಖನಿಜ’ಗಳ ಪಟ್ಟಿಗೆ ಸೇರಿಸಿದ್ದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಅದೇ ವರ್ಷ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಗಿ, ಟೈಟಾನಿಯಂ ಅದಿರು ಸೇರಿದಂತೆ ಆರು ಬಗೆಯ ಖನಿಜಗಳು ಪರಮಾಣು ಖನಿಜಗಳ ಪಟ್ಟಿಯಿಂದ ಹೊರಬಂದವು. 2025ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಅದರನ್ವಯ 2030–31ರೊಳಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1,200 ಅನ್ವೇಷಣಾ ಯೋಜನೆಗಳನ್ನು ಕೈಗೊಳ್ಳಬೇಕಿದೆ.

ಇದರ ಅರ್ಥ ಸ್ಪಷ್ಟ. ಮುಂದಿನ ವರ್ಷಗಳಲ್ಲಿ ‘ಇಂತಹ ಜಿಲ್ಲೆಯಲ್ಲಿ ಇಷ್ಟು ಲಕ್ಷ ಟನ್ ಪತ್ತೆ’ ಎಂಬ ಸುದ್ದಿಗಳು ಪದೇ ಪದೇ ಬರಲಿವೆ. ಅವುಗಳನ್ನು ಹೇಗೆ ಓದಬೇಕು, ಸರ್ಕಾರ ಅವುಗಳನ್ನು ಹೇಗೆ ಹೇಳಬೇಕು ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು. ಆರಂಭಿಕ ಹಂತದ ಅನ್ವೇಷಣೆಯಿಂದ ಹೊರಬರುವುದು ಸಂಪತ್ತಲ್ಲ, ಮಾಹಿತಿ. ಅದೂ ಅರೆಬರೆ ಮಾಹಿತಿ. ಈ ವ್ಯತ್ಯಾಸವನ್ನು ಮರೆತರೆ ಹೂಡಿಕೆದಾರನೂ ಮೋಸಹೋಗುತ್ತಾನೆ, ಆ ನೆಲದ ಮೇಲೆ ಬದುಕುವವನೂ ನಷ್ಟ ಅನುಭವಿಸುತ್ತಾನೆ.

ಮೊದಲಿಗೆ, ‘ನಿರ್ಣಾಯಕ’ ಎಂದರೆ ‘ವಿರಳ’ ಎಂದಲ್ಲ. ಆರ್ಥಿಕತೆಗೆ ಅನಿವಾರ್ಯವಾಗಿದ್ದು, ಪೂರೈಕೆ ಕೆಲವೇ ಕೈಗಳಲ್ಲಿದ್ದರೆ ಆ ಖನಿಜ ನಿರ್ಣಾಯಕವೆನಿಸುತ್ತದೆ. ಟೈಟಾನಿಯಂನ ಸಾಂದ್ರತೆ ಕಬ್ಬಿಣದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಅದರ ಮಿಶ್ರಲೋಹಗಳ ಬಲ ಉಕ್ಕಿಗೆ ಸರಿಸಾಟಿ. ಸಮುದ್ರದ ನೀರಿಗೆ ಅದು ತುಕ್ಕು ಹಿಡಿಯದು, ಮನುಷ್ಯನ ದೇಹವೂ ಅದನ್ನು ತಿರಸ್ಕರಿಸದು. ಆದ್ದರಿಂದಲೇ ವಿಮಾನದ ಎಂಜಿನ್‌ನಿಂದ ಹಿಡಿದು ಉಪಗ್ರಹದ ಇಂಧನ ತೊಟ್ಟಿ, ಸೊಂಟದ ಕೃತಕ ಕೀಲಿನವರೆಗೆ ಅದಕ್ಕೆ ಬೇಡಿಕೆ. ಹೀಗಿದ್ದರೂ ಜಗತ್ತಿನಲ್ಲಿ ಅಗೆಯುವ ಟೈಟಾನಿಯಂ ಖನಿಜದ ಶೇ 90ರಷ್ಟು ಲೋಹವಾಗುವುದೇ ಇಲ್ಲ. ಅದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಾಗಿ ಗೋಡೆಯ ಬಣ್ಣ, ಪ್ಲಾಸ್ಟಿಕ್, ಕಾಗದಗಳಿಗೆ ಸೇರುತ್ತದೆ. ಲೋಹ ತಯಾರಿಕೆಗೆ 1930ರ ದಶಕದ ಕೊನೆಯಲ್ಲಿ ವಿಲಿಯಂ ಕ್ರೋಲ್ ರೂಪಿಸಿದ ಕ್ರಮವೇ ಇಂದಿಗೂ ಆಧಾರ: ಖನಿಜವನ್ನು ಕ್ಲೋರಿನ್ ಜೊತೆ ವರ್ತಿಸುವಂತೆ ಮಾಡಿ, ಬಳಿಕ ಮೆಗ್ನೀಸಿಯಂ ಬಳಸಿ ರಂಧ್ರಮಯ ಲೋಹದ ಗಟ್ಟಿಯನ್ನು ಪಡೆಯುವುದು. ‘ಸ್ಪಾಂಜ್’ ಎಂದು ಕರೆಯುವ ಈ ಗಟ್ಟಿಯನ್ನು ತಯಾರಿಸುವ ದೇಶಗಳು ಬೆರಳೆಣಿಕೆಯಷ್ಟು. ಅರ್ಧಕ್ಕೂ ಹೆಚ್ಚು ಪಾಲು ಚೀನಾದ್ದು. ಉಳಿದದ್ದರಲ್ಲಿ ಜಪಾನ್, ರಷ್ಯಾ, ಕಜಾಕ್‌ಸ್ತಾನಗಳದು ದೊಡ್ಡ ಪಾಲು. ಅಮೆರಿಕದಂತಹ ಅಮೆರಿಕದಲ್ಲೇ ಕೊನೆಯ ದೊಡ್ಡ ಸ್ಪಾಂಜ್ ಕಾರ್ಖಾನೆ 2020ರಲ್ಲಿ ಬಾಗಿಲು ಮುಚ್ಚಿತು.

ಭಾರತದ ಸ್ಥಿತಿ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವನಂತಿದೆ. ನಮ್ಮ ಕಡಲತೀರದ ಮರಳಿನಲ್ಲಿ ಇಲ್ಮೆನೈಟ್ ಎಂಬ ಟೈಟಾನಿಯಂ ಖನಿಜ 60 ಕೋಟಿ ಟನ್ ಆಸುಪಾಸಿನಲ್ಲಿದೆಯೆಂದು ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜುಗಳು ಹೇಳುತ್ತವೆ. ಕೇರಳದ ನೀಂಡಕರದಿಂದ ಕಾಯಂಕುಳಂವರೆಗೆ ಹಬ್ಬಿರುವ ಚವರ ನಿಕ್ಷೇಪ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ ಇವೆಲ್ಲ ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ ಹೆಸರುಗಳು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೊನಾಜೈಟ್ ಗುರುತಿಸಿದಲ್ಲಿಂದ ಈ ಕಥೆ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದ ಮೊದಲು ಜಗತ್ತಿನ ಇಲ್ಮೆನೈಟ್ ಪೂರೈಕೆಯಲ್ಲಿ ತಿರುವಾಂಕೂರಿಗೆ ಪ್ರಮುಖ ಪಾಲಿತ್ತು. ಶತಮಾನ ಕಳೆದರೂ ನಾವು ಬಣ್ಣದ ಪುಡಿಯನ್ನೂ, ಲೋಹವನ್ನೂ ಆಮದು ಮಾಡಿಕೊಳ್ಳುತ್ತಿದ್ದೇವೆ. ಬಾಹ್ಯಾಕಾಶ ಸಂಸ್ಥೆಯ ಹಣ, ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದ ತಂತ್ರಜ್ಞಾನ ಬಳಸಿ ಚವರದಲ್ಲಿ 2011ರಲ್ಲಿ ಉದ್ಘಾಟನೆಗೊಂಡ ಸ್ಪಾಂಜ್ ಘಟಕದ ವಾರ್ಷಿಕ ಸಾಮರ್ಥ್ಯ 500 ಟನ್ ಮಾತ್ರ. ಸಾಧನೆಯಾಗಿ ಅದು ಹೆಮ್ಮೆಯ ವಿಷಯ. ಉದ್ಯಮವಾಗಿ ಅದು ಇನ್ನೂ ಎಳೆಯ ಸಸಿ.

ಹಾಗಾದರೆ ಹೊಸ ಅನ್ವೇಷಣೆ ಏಕೆ ಬೇಕು? ಬೇಕು. ಕಡಲತೀರದ ಮರಳಿನಲ್ಲಿ ಇಲ್ಮೆನೈಟ್ ಜೊತೆಗೆ ಥೋರಿಯಂ ಇರುವ ಮೊನಾಜೈಟ್ ಬೆರೆತಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಅಗೆಯಲಾಗದು. ಆ ತೀರದಲ್ಲಿ ದಟ್ಟವಾಗಿ ಜನವಸತಿಯೂ ಇದೆ. ಆದ್ದರಿಂದ ಒಳನಾಡಿನ ಬಂಡೆಗಳಲ್ಲಿ ಟೈಟಾನಿಯಂ ಹುಡುಕುವುದಕ್ಕೂ, ತೀರದ ನಿಕ್ಷೇಪಗಳಲ್ಲಿ ಯಾವುದು ನಿಜಕ್ಕೂ ಅಗೆಯಲು ಯೋಗ್ಯ ಎಂದು ತಿಳಿಯುವುದಕ್ಕೂ ಕಾರಣವಿದೆ.

ಅನ್ವೇಷಣೆಯ ಕೆಲಸ ಸಾಮಾನ್ಯರು ಊಹಿಸುವುದಕ್ಕಿಂತ ನಿಧಾನವಾದದ್ದು. ತೀರದಲ್ಲಾದರೆ ಕಡಲಿಗೆ ಅಡ್ಡಲಾಗಿ ಗೆರೆಗಳನ್ನು ಗುರುತಿಸಿ, ಕೈಬೈರಿಗೆಯಿಂದ ಮರಳನ್ನು ಕೊರೆದು, ಆಳಕ್ಕೆ ಅನುಗುಣವಾಗಿ ಮಾದರಿಗಳನ್ನು ಬೇರೆಬೇರೆಯಾಗಿ ಕಟ್ಟಿಡುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ತೊಳೆದು, ಬ್ರೋಮೊಫಾರ್ಮ್‌ನಂತಹ ಭಾರದ ದ್ರವದಲ್ಲಿ ಮುಳುಗಿಸಿ, ತೇಲುವ ಸಾದಾ ಮರಳಿನಿಂದ ಮುಳುಗುವ ಭಾರಖನಿಜಗಳನ್ನು ಬೇರ್ಪಡಿಸುತ್ತಾರೆ. ಬಳಿಕ ಆಯಸ್ಕಾಂತದಿಂದ ಇನ್ನಷ್ಟು ವಿಂಗಡಿಸಿ, ಸೂಕ್ಷ್ಮದರ್ಶಕದಡಿ ಕಣಗಳನ್ನು ಎಣಿಸುತ್ತಾರೆ. ಒಳನಾಡಿನಲ್ಲಾದರೆ ವಿಮಾನದಿಂದ ಭೂಕಾಂತ ಸಮೀಕ್ಷೆ, ಹಳ್ಳಕೊಳ್ಳದ ಮಣ್ಣಿನ ರಾಸಾಯನಿಕ ಪರೀಕ್ಷೆ, ಬಂಡೆಯ ನಕಾಶೆ, ಕೊನೆಗೆ ಕೆಲವು ಕೊಳವೆ ರಂಧ್ರಗಳು. ಈ ಎಲ್ಲ ಶ್ರಮದ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ. ಜಿ–4 ಎಂದರೆ ಸ್ಥೂಲ ಪರಿಶೀಲನೆ, ಜಿ–3 ಎಂದರೆ ಪ್ರಾಥಮಿಕ ಅನ್ವೇಷಣೆ, ಜಿ–2 ಸಾಮಾನ್ಯ, ಜಿ–1 ವಿವರವಾದದ್ದು. ಜಿ–4ರಲ್ಲಿ ಹೇಳಬಹುದಾದದ್ದು ‘ಇಲ್ಲಿ ಇನ್ನಷ್ಟು ನೋಡುವುದು ವ್ಯರ್ಥವಲ್ಲ’ ಎಂಬ ಒಂದೇ ಮಾತು. ಹೀಗೆ ಗುರುತಿಸಿದ ನೂರು ತಾಣಗಳಲ್ಲಿ ಒಂದು ಗಣಿಯಾದರೆ ಅದೇ ದೊಡ್ಡದು ಎಂಬುದು ಈ ವೃತ್ತಿಯವರ ಸಾಮಾನ್ಯ ಎಣಿಕೆ.

ನಮ್ಮಲ್ಲಿ ಆ ಒಂದು ಮಾತು ಪತ್ರಿಕಾ ಪ್ರಕಟಣೆಯಾಗುವ ಹೊತ್ತಿಗೆ ನಿಧಿಯಾಗಿಬಿಡುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಈ ಉತ್ಸಾಹಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2020ರ ಆರಂಭದಲ್ಲಿ ಮಂಡ್ಯ ಜಿಲ್ಲೆಯಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಸುದ್ದಿ ದೇಶವಿಡೀ ಹರಡಿತು. ಮರುವರ್ಷ ಪರಮಾಣು ಇಂಧನ ಇಲಾಖೆ ಸಂಸತ್ತಿಗೆ ನೀಡಿದ ಉತ್ತರದಲ್ಲಿ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ್ದು 1,600 ಟನ್ ಮಾತ್ರ, ಅದೂ ಊಹಿತ ವರ್ಗದ್ದು ಎಂದಿತ್ತು. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂಬ ಘೋಷಣೆಯಾಯಿತು. ಅದು ಜಿ–3 ಹಂತದ ಅಂದಾಜು ಎಂಬುದು ಪ್ರಕಟಣೆಯಲ್ಲೇ ಇತ್ತು. ಸಂಭ್ರಮದಲ್ಲಿ ಅದನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ. ಆ ತಾಣವನ್ನು ಹರಾಜಿಗಿಟ್ಟಾಗ ಸಾಕಷ್ಟು ಬಿಡ್‌ದಾರರು ಬರಲಿಲ್ಲ. 2024ರಲ್ಲಿ ಹರಾಜು ವಿಫಲವಾಗಿ, ಇನ್ನಷ್ಟು ಅನ್ವೇಷಣೆ ಬೇಕೆಂಬ ಮಾತು ಬಂತು. ಅದು ಮೊದಲೇ ಆಗಬೇಕಿದ್ದ ಕೆಲಸ.

ಬೇರೆ ದೇಶಗಳು ಈ ಪಾಠವನ್ನು ದುಬಾರಿ ಶುಲ್ಕ ತೆತ್ತು ಕಲಿತಿವೆ. ಆಸ್ಟ್ರೇಲಿಯಾದಲ್ಲಿ 1969ರಲ್ಲಿ ಪೊಸೈಡನ್ ಎಂಬ ಸಣ್ಣ ಕಂಪನಿ ನಿಕ್ಕಲ್ ಸಿಕ್ಕಿತೆಂದು ಹೇಳಿದ ಕೂಡಲೇ, ಒಂದು ಡಾಲರ್ ಆಸುಪಾಸಿನಲ್ಲಿದ್ದ ಅದರ ಷೇರು ಕೆಲವೇ ತಿಂಗಳಲ್ಲಿ 280 ಡಾಲರ್ ಮುಟ್ಟಿ ಕುಸಿಯಿತು. ಆ ಹಗರಣದ ಬಳಿಕ ಆರಂಭವಾದ ಪ್ರಯತ್ನ 1989ರಲ್ಲಿ ಒಂದು ಸಂಹಿತೆಯ ರೂಪ ಪಡೆಯಿತು: ಅರ್ಹ ತಜ್ಞನೊಬ್ಬ ತನ್ನ ಹೆಸರು ಹಾಕಿ ಹೊಣೆ ಹೊರದೆ ಯಾವ ಕಂಪನಿಯೂ ಖನಿಜದ ಅಂದಾಜನ್ನು ಹೂಡಿಕೆದಾರರ ಮುಂದಿಡುವಂತಿಲ್ಲ. ಕೆನಡಾದಲ್ಲಿ 1997ರಲ್ಲಿ ಬ್ರೆ–ಎಕ್ಸ್ ಕಂಪನಿಯ ಚಿನ್ನದ ಮಾದರಿಗಳೇ ನಕಲಿಯೆಂದು ಬಯಲಾದ ಬಳಿಕ ಅಲ್ಲಿಯೂ ಕಠಿಣ ನಿಯಮ ಬಂತು. ಖಾಸಗಿ ಕಂಪನಿಯಿಂದ ಇಷ್ಟು ಶಿಸ್ತನ್ನು ನಿರೀಕ್ಷಿಸುವಾಗ ಸರ್ಕಾರದ ಪ್ರಕಟಣೆಯಿಂದ ಅದಕ್ಕಿಂತ ಕಡಿಮೆಯದನ್ನು ಒಪ್ಪಲು ಕಾರಣವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಕಾಣುವ ಮತ್ತೊಂದು ತೊಡಕು ಹರಾಜಿನದು. 2021ರಿಂದ ಜಿ–4 ಹಂತದ ತಾಣಗಳನ್ನೂ ‘ಸಂಯುಕ್ತ ಪರವಾನಗಿ’ಗಾಗಿ ಹರಾಜು ಹಾಕಲು ಅವಕಾಶವಾಗಿದೆ. ಗೆದ್ದವನು ತನ್ನ ಖರ್ಚಿನಲ್ಲಿ ಮುಂದಿನ ಅನ್ವೇಷಣೆ ಮಾಡಿ, ಸಿಕ್ಕರೆ ಗಣಿ ಆರಂಭಿಸಬೇಕು. ಆದರೆ ಅವನು ಬಿಡ್ ಮಾಡುವುದು ಮುಂದೆ ತೆಗೆಯುವ ಖನಿಜದ ಮೌಲ್ಯದಲ್ಲಿ ಸರ್ಕಾರಕ್ಕೆ ಎಷ್ಟು ಪಾಲು ಕೊಡುತ್ತೇನೆ ಎಂಬುದನ್ನು. ಏನಿದೆ, ಎಷ್ಟಿದೆ, ಬೇರ್ಪಡಿಸಲು ಬರುತ್ತದೆಯೇ ಎಂಬುದು ಗೊತ್ತಿಲ್ಲದೆ ಪಾಲು ನಿಗದಿಪಡಿಸುವುದೆಂದರೆ ಹೊಟ್ಟೆಯೊಳಗಿನ ಕರುವಿನ ಹಾಲಿಗೆ ಬೆಲೆ ಕಟ್ಟಿದಂತೆ. ಇಂತಲ್ಲಿ ಎಚ್ಚರಿಕೆಯುಳ್ಳವರು ದೂರ ಉಳಿಯುತ್ತಾರೆ. ಅತಿ ಆಶಾವಾದಿ ಗೆಲ್ಲುತ್ತಾನೆ, ಗೆದ್ದು ಸೋಲುತ್ತಾನೆ. ಅಳತೆ ಚೆನ್ನಾಗಿ ಗೊತ್ತಿದ್ದ ಕಬ್ಬಿಣದ ಅದಿರಿನಲ್ಲೇ ಒಡಿಶಾದ 2020ರ ಹರಾಜುಗಳಲ್ಲಿ ಶೇ 100ನ್ನು ಮೀರಿದ ಬಿಡ್‌ಗಳು ಬಂದಿದ್ದವು. ಅಳತೆಯೇ ಇಲ್ಲದ ಟೈಟಾನಿಯಂನಲ್ಲಿ ಹರಾಜು ಸದ್ದಿಲ್ಲದೆ ಬಿದ್ದುಹೋಗಬಹುದು, ಇಲ್ಲವೇ ಪರವಾನಗಿ ಪಡೆದವನು ಬೆಲೆ ಏರುವ ತನಕ ಕಾದು ಕೂರಬಹುದು.

ಅನ್ವೇಷಣೆಯ ಫಲ ಸಾರ್ವಜನಿಕ ವಸ್ತುವಿನ ಗುಣವುಳ್ಳದ್ದು. ಒಂದೆಡೆ ಕೊರೆದು ಏನೂ ಸಿಗದಿದ್ದರೆ ಅದೂ ಬೆಲೆಬಾಳುವ ಮಾಹಿತಿಯೇ. ಮುಂದಿನವನು ಅಲ್ಲಿ ಕೊರೆಯಬೇಕಿಲ್ಲ. ಆದರೆ ಖಾಸಗಿ ಶೋಧಕನಿಗೆ ತನ್ನ ವಿಫಲ ರಂಧ್ರವನ್ನು ಜಗತ್ತಿಗೆ ಹೇಳುವ ಆಸಕ್ತಿ ಇರುವುದಿಲ್ಲ. ಆದ್ದರಿಂದ ಮೊದಲ ಎರಡು ಹಂತಗಳ ವೆಚ್ಚವನ್ನು ಬೊಕ್ಕಸವೇ ಹೊತ್ತು, ಫಲಿತಾಂಶವನ್ನು ಎಲ್ಲರಿಗೂ ತೆರೆದಿಡುವುದು ನ್ಯಾಯವೂ ಹೌದು, ಲಾಭದಾಯಕವೂ ಹೌದು. 2023ರ ಡಿಸೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಅಲ್ಲಿ ಯಶಸ್ಸಿನಷ್ಟೇ ವೈಫಲ್ಯವೂ ದಾಖಲಾಗಬೇಕು.

ಟನ್ನಿನ ಲೆಕ್ಕವೊಂದೇ ಸಾಲದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ, ಉಬ್ರಾಣಿ ಭಾಗದಲ್ಲಿ ವೆನೇಡಿಯಂ ಮತ್ತು ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ ಶಿಲೆ ಇರುವುದು ದಶಕಗಳಿಂದ ತಿಳಿದ ವಿಷಯ. ಅಲ್ಲಿ ಟೈಟಾನಿಯಂ ಬಿಡಿ ಕಣವಾಗಿರದೆ ಕಬ್ಬಿಣದ ಖನಿಜದೊಂದಿಗೆ ಸೂಕ್ಷ್ಮವಾಗಿ ಹೆಣೆದುಕೊಂಡಿರುತ್ತದೆ. ಇಂತಹ ಅದಿರನ್ನು ಊದುಕುಲುಮೆಗೆ ಹಾಕಿದರೆ ಕಿಟ್ಟ ಮಂದವಾಗಿ ಹರಿಯದೆ ತೊಂದರೆ ಕೊಡುತ್ತದೆ. ಚೀನಾದ ಸಿಚುವಾನ್ ಪ್ರಾಂತ್ಯದ ಪಾಂಝಿಹುವಾದಲ್ಲಿ ಇದೇ ಜಾತಿಯ ಶಿಲೆಯಿದೆ. ಅಲ್ಲಿನ ಉಕ್ಕಿನ ಕುಲುಮೆ 1970ರಲ್ಲಿ ಹೊತ್ತಿತು. ದಶಕಗಳ ಲೋಹಶಾಸ್ತ್ರದ ಸಂಶೋಧನೆಯ ಬಳಿಕ ಅದು ಚೀನಾದ ಇಲ್ಮೆನೈಟ್‌ನ ಅತಿ ದೊಡ್ಡ ಮೂಲವಾಯಿತು. ಅಷ್ಟಾದರೂ ಅಲ್ಲಿನ ಟೈಟಾನಿಯಂನ ದೊಡ್ಡ ಭಾಗ ಇಂದಿಗೂ ಕಿಟ್ಟದ ಗುಡ್ಡೆಗಳಲ್ಲಿ ಉಳಿದಿದೆ. ಬಂಡೆಯನ್ನು ಅದಿರಾಗಿಸುವುದು ಪ್ರಯೋಗಾಲಯ. ಆದ್ದರಿಂದ ಅನ್ವೇಷಣೆಯ ಮೊದಲ ಹಂತದಲ್ಲೇ, ಖನಿಜ ಬೇರ್ಪಡುತ್ತದೆಯೇ ಎಂಬ ಪರೀಕ್ಷೆಯನ್ನೂ ಸೇರಿಸಬೇಕು. ಕಜಾಕ್‌ಸ್ತಾನದ ಟೈಟಾನಿಯಂ ಕಂಪನಿಯೊಂದರ ಜೊತೆಗೂಡಿ ಒಡಿಶಾದಲ್ಲಿ ಟೈಟಾನಿಯಂ ಸ್ಲ್ಯಾಗ್ ತಯಾರಿಸಲು ಸರ್ಕಾರಿ ಸ್ವಾಮ್ಯದ ಐಆರ್‌ಇಎಲ್ 2024ರಲ್ಲಿ ಮಾಡಿಕೊಂಡ ಒಪ್ಪಂದ ಹತ್ತು ಹೊಸ ನಿಕ್ಷೇಪಗಳ ಘೋಷಣೆಗಿಂತ ಹೆಚ್ಚು ತೂಕದ್ದೆಂದು ನಾನು ಭಾವಿಸುತ್ತೇನೆ.

ನೀತಿಯ ಓಲಾಟವೂ ಕಡಿಮೆಯಿಲ್ಲ. 1998ರಲ್ಲಿ ಕಡಲತೀರದ ಖನಿಜಗಳಿಗೆ ಖಾಸಗಿಯವರನ್ನು ಕರೆದೆವು. 2006ರ ಅಧಿಸೂಚನೆ ನಿಯಂತ್ರಣವನ್ನು ಇನ್ನಷ್ಟು ಸಡಿಲಿಸಿತು. ಅಕ್ರಮ ಗಣಿಗಾರಿಕೆಯ ದೂರುಗಳ ನಡುವೆ 2013ರಲ್ಲಿ ತಮಿಳುನಾಡು ಎಲ್ಲವನ್ನೂ ನಿಲ್ಲಿಸಿತು. 2019ರಲ್ಲಿ ಕೇಂದ್ರವು ಮೊನಾಜೈಟ್ ಇರುವ ತೀರದ ಮರಳನ್ನು ಸರ್ಕಾರಿ ಸಂಸ್ಥೆಗಳಿಗೇ ಮೀಸಲಾಗಿಸಿತು. 2023ರಲ್ಲಿ ಮತ್ತೆ ಟೈಟಾನಿಯಂ ಅದಿರಿಗೆ ಬಾಗಿಲು ತೆರೆಯಿತು. ಅನ್ವೇಷಣೆಯಿಂದ ಗಣಿಯವರೆಗೆ ಹತ್ತು–ಹದಿನೈದು ವರ್ಷ ಬೇಕಾಗುವ ಉದ್ಯಮದಲ್ಲಿ ಐದಾರು ವರ್ಷಕ್ಕೊಮ್ಮೆ ನಿಯಮ ಬದಲಾದರೆ ಗಂಭೀರ ಹೂಡಿಕೆದಾರ ಬರುವುದಾದರೂ ಹೇಗೆ?

ಇನ್ನು ಆ ನೆಲದ ಮೇಲಿರುವ ಜನರ ಮಾತು. ತಮಿಳುನಾಡಿನ ಸಾತ್ತಾನ್‌ಕುಳಂ ಸುತ್ತಲಿನ ಕೆಂಪು ಮರಳಿನಿಂದ ಟೈಟಾನಿಯಂ ಡೈಆಕ್ಸೈಡ್ ತಯಾರಿಸಲು 2007ರಲ್ಲಿ ಟಾಟಾ ಸ್ಟೀಲ್ ಆ ರಾಜ್ಯದೊಂದಿಗೆ ಸುಮಾರು 2,500 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಸಾವಿರಾರು ಎಕರೆ ಜಮೀನಿನ ಪ್ರಶ್ನೆ ಬಂದಾಗ ವಿರೋಧ ಭುಗಿಲೆದ್ದು ಯೋಜನೆ ಕೈಗೂಡಲಿಲ್ಲ. ಕೊಲ್ಲಂ ಜಿಲ್ಲೆಯ ಆಲಪ್ಪಾಡ್‌ನಲ್ಲಿ ಕಡಲಿಗೂ ಕಾಲುವೆಗೂ ನಡುವಿನ ಇಕ್ಕಟ್ಟಾದ ಮರಳ ಪಟ್ಟಿಯ ಮೇಲೆ ಬದುಕುವ ಮೀನುಗಾರರು, ಗಣಿಗಾರಿಕೆಯಿಂದ ತಮ್ಮ ಊರೇ ಕರಗುತ್ತಿದೆ ಎಂದು 2018–19ರಲ್ಲಿ ನಡೆಸಿದ ಹೋರಾಟ ದೇಶದ ಗಮನ ಸೆಳೆಯಿತು. ಎರಡೂ ಕಡೆ ಖನಿಜ ಇದೆಯೆಂಬುದರಲ್ಲಿ ಅನುಮಾನವಿರಲಿಲ್ಲ. ಅದರ ಮೇಲೆ ಊರುಗಳಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ತಡವಾಯಿತು.

ಸೇವೆಯಲ್ಲಿದ್ದಾಗ ಗಣಿ ಯೋಜನೆಯೊಂದರ ಸಾರ್ವಜನಿಕ ವಿಚಾರಣೆಯ ಅಧ್ಯಕ್ಷತೆಯನ್ನು ನಾನು ವಹಿಸಿದ್ದೆ. ಮಾಲಿನ್ಯ, ಉದ್ಯೋಗ, ರಸ್ತೆ ಎಂದು ಹಲವರು ಮಾತನಾಡಿದ ಬಳಿಕ ಹಿರಿಯ ರೈತರೊಬ್ಬರು ಎದ್ದು ನಿಂತರು. ‘ಸ್ವಾಮಿ, ನೀವು ಅದಿರು ತೆಗೀತೀರೋ ಬಿಡ್ತೀರೋ ಆಮೇಲಿನ ಮಾತು. ನಮ್ಮ ಹೊಲದಲ್ಲಿ ಗೂಟ ನೆಟ್ಟು ಎಂಟು ವರ್ಷ ಆಯ್ತು. ಮಗಳ ಮದುವೆಗೆ ಒಂದೆಕರೆ ಮಾರೋಣ ಅಂದ್ರೆ ಕೊಳ್ಳೋರಿಲ್ಲ. ಕೊಳವೆಬಾವಿ ತೆಗೆಸೋಣ ಅಂದ್ರೆ ನಾಳೆ ಹೊಲ ನಮ್ಮದಾಗಿರುತ್ತೋ ಇಲ್ಲವೋ ಗೊತ್ತಿಲ್ಲ. ಬೇಕು ಅನ್ನಿ, ಇಲ್ಲ ಬೇಡ ಅನ್ನಿ’ ಎಂದರು. ಕಡತದಲ್ಲಿ ಆ ಎಂಟು ವರ್ಷಕ್ಕೆ ‘ಅನ್ವೇಷಣೆ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲು ಮಾತ್ರವಿತ್ತು. ಅನಿಶ್ಚಿತತೆಗೂ ಬೆಲೆಯಿದೆ, ಆ ಬೆಲೆಯನ್ನು ತೆರುವವನು ಹರಾಜಿನಲ್ಲಿ ಭಾಗವಹಿಸದ ಮೂರನೆಯವನು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಆ ವಿಚಾರಣೆ ನಡೆದದ್ದರಿಂದಲೇ ಆ ಮಾತು ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡುವ ಆದೇಶ ಹೊರಡಿಸಿತು. ದೇಶದ ಭದ್ರತೆ, ವಿಳಂಬ ಇವು ಅದರ ಹಿಂದಿರುವ ಕಾರಣಗಳು. ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಷ್ಯಾ–ಉಕ್ರೇನ್ ಯುದ್ಧ ಆರಂಭವಾದ 2022ರಲ್ಲಿ ಬೋಯಿಂಗ್‌ನಂತಹ ಕಂಪನಿಯೇ ರಷ್ಯಾದ ಟೈಟಾನಿಯಂ ಖರೀದಿ ನಿಲ್ಲಿಸಿ ಬೇರೆಡೆ ಹುಡುಕಬೇಕಾಯಿತು. ವಿಮಾನ, ಉಪಗ್ರಹಗಳನ್ನು ಕಟ್ಟುವ ಬೆಂಗಳೂರಿಗೆ ಈ ಆತಂಕ ದೂರದ್ದಲ್ಲ. ಆದರೆ ಮೇಲೆ ಹೇಳಿದ ಉದಾಹರಣೆಗಳಲ್ಲಿ ಯಾವ ಯೋಜನೆಯೂ ಒಂದು ದಿನದ ವಿಚಾರಣೆಯಿಂದ ನಿಂತಿಲ್ಲ. ಮಾಹಿತಿ ಸಾಲದ್ದರಿಂದ, ನಿಯಮ ಬದಲಾದದ್ದರಿಂದ, ಜನರಿಗೆ ಕೊನೆಗೆ ತಿಳಿಸಿದ್ದರಿಂದ ನಿಂತಿವೆ. ಕಿವಿ ಮುಚ್ಚಿಕೊಂಡರೆ ಸಮಯ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಖನಿಜ ಶೋಧದ ಪ್ರತಿಯೊಂದು ಪ್ರಕಟಣೆಯಲ್ಲೂ ಹಂತ ಯಾವುದು, ಎಷ್ಟು ರಂಧ್ರ ಕೊರೆಯಲಾಗಿದೆ, ಖನಿಜ ಯಾವ ರೂಪದಲ್ಲಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಲಿ; ಜಿ–2 ಮುಟ್ಟುವ ತನಕ ರೂಪಾಯಿ ಮೌಲ್ಯದ ಮಾತು ಬೇಡ. ಟೈಟಾನಿಯಂ ತಾಣಗಳನ್ನು ಕನಿಷ್ಠ ಜಿ–3 ಹಂತಕ್ಕೆ, ಬೇರ್ಪಡಿಸುವ ಪರೀಕ್ಷೆಯ ಸಮೇತ, ಸರ್ಕಾರವೇ ಕೊಂಡೊಯ್ದು ಆಮೇಲೆ ಹರಾಜಿಗಿಡಲಿ. ಗೂಟ ನೆಡುವ ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲೋ, ತಮಿಳಿನಲ್ಲೋ, ಒಡಿಯಾದಲ್ಲೋ ವಿಷಯ ತಿಳಿಸಲಿ. ನಿಗದಿತ ಅವಧಿಯಲ್ಲಿ ನಿರ್ಧಾರವಾಗದಿದ್ದರೆ ಆ ಜಮೀನು ಅನ್ವೇಷಣೆಯಿಂದ ಮುಕ್ತವೆಂದು ಲಿಖಿತ ಪತ್ರ ಕೊಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ, ಅದನ್ನು ಪಾಲಿಸುವ ಇಚ್ಛೆ ಸಾಕು.

ನಮ್ಮ ನೆಲದಲ್ಲಿರುವ ಟೈಟಾನಿಯಂ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಅರಿಯಲು ಇನ್ನೆರಡು ವರ್ಷ ಹೆಚ್ಚು ಹಿಡಿದರೂ ದೇಶಕ್ಕೆ ನಷ್ಟವಿಲ್ಲ. ಅರಿಯದೆ ಸಾರಿ, ಹರಾಜು ಹಾಕಿ, ವಿಫಲವಾಗಿ, ಮತ್ತೆ ಮೊದಲಿನಿಂದ ಆರಂಭಿಸುವುದರಲ್ಲಿ ಹೋಗುವ ದಶಕವನ್ನು ಮಾತ್ರ ಯಾವ ಅಭಿಯಾನವೂ ಮರಳಿಸಲಾರದು.